ಐನೂರರ ನೋಟು ಕೊಡೋಕೆ ಯಾಕಿಷ್ಟು ಮುಜುಗರ?

ಮೆಟ್ರೋದಲ್ಲಿ ನಿಂತ್ಕೊಂಡೋ, ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೊಂಡೋ, ಮನೇಲಿ ಪಾತ್ರೆ ತೊಳೀತಾನೋ ಈ ಎಪಿಸೋಡ್ ಕೇಳ್ತಿರೋ ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ತುಂಬಾ ಚಿಕ್ಕದು. ನಿಮ್ಮ ಫೋನ್ ಕವರ್ ಹಿಂದೆ ಮಡಚಿಟ್ಟಿರ್ತೀರಲ್ಲ, 'ಎಮರ್ಜೆನ್ಸಿಗೆ ಇರ್ಲಿ' ಅಂತ ಒಂದು ಐನೂರರ ನೋಟು, ಅದರ ಬಗ್ಗೆ.

ಮೊದಲು ಒಂದು ಸೀನ್ ಹೇಳ್ತೀನಿ. ಬೆಳಿಗ್ಗೆ ಎಂಟೂವರೆ, ಬೆಂಗಳೂರು, ಆಫೀಸ್ ಹತ್ತಿರದ ಒಂದು ಬೇಕರಿ. ಒಂದು ಟೀ, ಒಂದು ಬನ್, 35 ರೂಪಾಯಿ. ಕುಡಿದಾಯ್ತು, ತಿಂದಾಯ್ತು. ಫೋನ್ ತೆಗೆದ್ರೆ ಚಕ್ರ ಸುತ್ತುತ್ತಾ ಇದೆ, ಸರ್ವರ್ ಡೌನ್. ಮೂರು ಸಲ ಟ್ರೈ ಮಾಡಿದೆ. ಕೊನೆಗೆ ಆ ನೋಟು ಹೊರಗೆ ತೆಗೆದೆ. ನಾನು ಬಾಯಿ ಬಿಡೋ ಮೊದಲೇ ಬೇಕರಿ ಅಣ್ಣನ ಮುಖ ನೋಡಬೇಕಿತ್ತು. 'ಚಿಲ್ಲರೆ ಇಲ್ವಾ ಸರ್?' ಅಂದ್ರು. ಆ 'ಸರ್'ನಲ್ಲಿ ಮರ್ಯಾದೆ ಕಮ್ಮಿ, ಬೇಜಾರು ಜಾಸ್ತಿ. ಹಿಂದೆ ನಾಲ್ಕು ಜನ ಕಾಯ್ತಾ ಇದ್ರು. ಕದ್ದ ಮಾಲು ಮಾರೋಕೆ ಬಂದವನ ಥರ ನಿಂತಿದ್ದೆ ನಾನು.

ಇದು ನಿಮಗೂ ಆಗಿರುತ್ತೆ. ಆಮೇಲೆ ನಾವೆಲ್ಲ ಏನೇನೋ ಉಪಾಯ ಹೂಡ್ತೀವಿ. ಬೇಡದೇ ಇರೋ ಬಿಸ್ಕೆಟ್ ಪ್ಯಾಕ್ ಎರಡು ಸೇರಿಸಿ ಬಿಲ್ ದೊಡ್ಡದು ಮಾಡೋದು, ಪರ್ಸ್‌ನ ಮೂಲೆ ಮೂಲೆ ಹುಡುಕೋ ನಾಟಕ ಆಡೋದು, 'ನೋಡಿ ಅಣ್ಣ, ಇದೊಂದೇ ಇರೋದು' ಅಂತ ಪರ್ಸ್ ಬಿಚ್ಚಿ ತೋರಿಸೋದು. ನಮ್ಮದೇ ದುಡ್ಡು ಖರ್ಚು ಮಾಡೋಕೆ ನಾವೇ ಸಾಕ್ಷಿ ಸಮೇತ ನಿಲ್ಲಬೇಕು!

ನನಗೆ ಸಿಟ್ಟು ಬರ್ತಿತ್ತು. ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಈ ನೋಟು ಇಡೀ ದೇಶದಲ್ಲಿ ಚಲಾವಣೆಗೆ ಯೋಗ್ಯ. ಬಿಕಾಂನಲ್ಲಿ ಓದಿದ್ದೀನಿ ಸ್ವಾಮಿ, ಇವರ್‍ಯಾರು ಮುಖ ಸಿಂಡರಿಸೋಕೆ ಅಂತ ಒಳಗೊಳಗೇ ಬೈಕೊಂಡಿದ್ದೀನಿ. ಆ ಸಿಟ್ಟು ಇಳಿದದ್ದು ಕಳೆದ ದೀಪಾವಳಿಗೆ ಊರಿಗೆ ಹೋದಾಗ.

ನಮ್ಮೂರು ತಿಪಟೂರು ಕಡೆ. ಅಪ್ಪನದು ಚಿಕ್ಕ ಪ್ರಾವಿಜನ್ ಸ್ಟೋರ್. ಅವತ್ತು ಅಪ್ಪ 'ಮಧ್ಯಾಹ್ನದ ತನಕ ಗಲ್ಲಾ ನೋಡ್ಕೋ' ಅಂತ ನನ್ನ ಕೂರಿಸಿ ಹೋದ್ರು. ಗಲ್ಲಾದಲ್ಲಿ 600 ರೂಪಾಯಿ ಚಿಲ್ಲರೆ ಎಣಿಸಿಟ್ಟಿದ್ರು. ಹತ್ತರ ನೋಟು, ಇಪ್ಪತ್ತರ ನೋಟು, ಒಂದಷ್ಟು ನಾಣ್ಯ.

ಅಂಗಡಿ ತೆಗೆದು ಹತ್ತು ನಿಮಿಷ ಆಗಿಲ್ಲ, ಒಂದು ಕಾರ್ ನಿಲ್ತು. ನನ್ನ ವಯಸ್ಸಿನವನೇ ಇಳಿದ. 20 ರೂಪಾಯಿ ನೀರಿನ ಬಾಟಲ್ ತಗೊಂಡು ಐನೂರು ಕೊಟ್ಟ. 'ಸ್ಕ್ಯಾನ್ ಮಾಡಿ ಬಾಸ್' ಅಂದೆ. 'ಇಲ್ಲ ಗುರು, ಮುಂದೆ ಚಿಲ್ಲರೆ ಬೇಕಾಗುತ್ತೆ' ಅಂದ. 480 ಎಣಿಸಿ ಕೊಟ್ಟೆ. ಗಲ್ಲಾದಲ್ಲಿ ಉಳಿದದ್ದು 120.

ಅಲ್ಲಿಂದ ಹನ್ನೊಂದು ಗಂಟೆ ತನಕ ವ್ಯಾಪಾರ ಜೋರಾಗೇ ನಡೀತು. ಹಾಲಿನ ಪ್ಯಾಕೆಟ್, ಶಾಂಪೂ ಸ್ಯಾಶೆ, ಕೊತ್ತಂಬರಿ ಕಟ್ಟು. ಆದರೆ ಎಲ್ಲ ಫೋನಲ್ಲೇ. ಸೌಂಡ್‌ಬಾಕ್ಸ್ ಬಾಯಿ ಮುಚ್ಚಲೇ ಇಲ್ಲ. ಹತ್ತು ರೂಪಾಯಿ, ಇಪ್ಪತ್ತೆರಡು ರೂಪಾಯಿ, ಐದು ರೂಪಾಯಿ ಬಂತು ಅಂತ ಕೂಗ್ತಾನೇ ಇತ್ತು. ಬ್ಯಾಂಕ್ ಅಕೌಂಟಿಗೆ ದುಡ್ಡು ಬರ್ತಿದೆ, ಗಲ್ಲಾ ಹಾಗೇ ಇದೆ. ಅದೇ 120.

ಆಗ ಒಬ್ಬ ಅಜ್ಜಿ ಬಂದ್ರು. ಪಕ್ಕದ ಹಳ್ಳಿಯವರು, ಬಸ್ ಇಳಿದು ಬಂದಿದ್ರು. ಎರಡು ಸೋಪು, ಒಂದು ಬೆಂಕಿಪೊಟ್ಟಣ, ಸ್ವಲ್ಪ ಅಡಿಕೆ. ಎಲ್ಲ ಸೇರಿ 90 ರೂಪಾಯಿಯೂ ಇಲ್ಲ. ಸೆರಗಿನ ಗಂಟು ಬಿಚ್ಚಿ ಐನೂರರ ನೋಟು ಕೊಟ್ರು. ಗೃಹಲಕ್ಷ್ಮಿ ದುಡ್ಡು. 2000 ಅಂದ್ರೆ ಬ್ಯಾಂಕಿನವರು ಸುಲಭವಾಗಿ ನಾಲ್ಕು ನೋಟು ಎಣಿಸಿ ಕೊಡ್ತಾರೆ.

ನಾನು ಏನಂದೆ ಗೊತ್ತಾ? ಫೋನಿಂದ ತಲೆ ಕೂಡ ಎತ್ತದೆ, 'ಚಿಲ್ಲರೆ ಇಲ್ವಾ ಅಜ್ಜಿ?' ಅಂದೆ. ಬೇಕರಿ ಅಣ್ಣನ ಅದೇ ದನಿ.

'ಇದೊಂದೇ ಕಣಪ್ಪ ಇರೋದು' ಅಂದ್ರು. ಎರಡು ನಿಮಿಷ ನಿಂತಿದ್ರು. ಆಮೇಲೆ ಸೋಪು, ಬೆಂಕಿಪೊಟ್ಟಣ ಎಲ್ಲ ತಿರುಗಿ ಕೌಂಟರ್ ಮೇಲೆ ಒಂದೊಂದಾಗಿ ಜೋಡಿಸಿಟ್ಟು ಹೋದ್ರು.

ಅಪ್ಪ ಬಂದ ಮೇಲೆ ಹೇಳಿದೆ. ಅಪ್ಪ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. 'ಸಾಮಾನು ಕೊಟ್ಟು ಕಳಿಸಬೇಕಿತ್ತು ಕಣೋ. ದುಡ್ಡು ನಾಳೆ ಬರ್ತಿತ್ತು. ಆಯಮ್ಮ ಚಿಲ್ಲರೆ ಇಲ್ಲ ಅಂತ ಹೋಗಿಲ್ಲ, ನಾಚ್ಕೊಂಡು ಹೋಗಿದ್ದಾರೆ' ಅಂದ್ರು.

ಆ ರಾತ್ರಿ ನನ್ನ ಬಿಕಾಂ ತಲೆ ಕೆಲಸ ಮಾಡೋಕೆ ಶುರು ಮಾಡ್ತು. ಚಿಲ್ಲರೆ ಎಲ್ಲಿಂದ ಬರುತ್ತೆ? ಚಿಕ್ಕ ವ್ಯಾಪಾರದಿಂದ. ಹತ್ತು ಜನ ಹತ್ತತ್ತು ರೂಪಾಯಿ ಕೊಟ್ರೆ ಹನ್ನೊಂದನೆಯವರ ನೂರಕ್ಕೆ ಚಿಲ್ಲರೆ ರೆಡಿ. ಈಗ ಆ ಹತ್ತು ಜನ ಸ್ಕ್ಯಾನ್ ಮಾಡ್ತಾರೆ. ತಪ್ಪು ಅಂತ ಹೇಳ್ತಿಲ್ಲ, ನಾನೂ ಮಾಡ್ತೀನಿ. ಆದರೆ ನಾವು ಚಿಕ್ಕದಕ್ಕೆಲ್ಲ ಫೋನು, ಫೋನ್ ಕೈಕೊಟ್ಟಾಗ ಮಾತ್ರ ಐನೂರು ಅಂದ್ರೆ, ಗಲ್ಲಾಗೆ ಚಿಲ್ಲರೆ ಹಾಕೋರು ಯಾರೂ ಇಲ್ಲ, ತೆಗೆಯೋರು ಮಾತ್ರ ಇದ್ದೀವಿ. ಅಪ್ಪ ಈಗ ದೇವಸ್ಥಾನದ ಅರ್ಚಕರ ಹತ್ತಿರ ಮಂಗಳಾರತಿ ತಟ್ಟೆಯ ಚಿಲ್ಲರೆ ತರ್ತಾರೆ, ಪರಿಚಯದ ಕಂಡಕ್ಟರ್ ಹತ್ತಿರ ಕೇಳ್ತಾರೆ. ಅದೂ ಒಂದು ಕೆಲಸ. ಅದಕ್ಕೆ ಲಾಭ ಇಲ್ಲ, ಸಂಬಳ ಇಲ್ಲ.

ಇನ್ನೊಂದು ಕಡೆ ನೋಡಿ. 2016ರ ನವೆಂಬರ್ 8ರ ರಾತ್ರಿ ಹಳೇ ಐನೂರು, ಸಾವಿರ ರದ್ದಾಯ್ತು. ಎರಡು ಸಾವಿರದ ನೋಟು ಬಂತು. 2023ರ ಮೇನಲ್ಲಿ ಅದನ್ನೂ ವಾಪಸ್ ತಗೊಳ್ತೀವಿ ಅಂತ ರಿಸರ್ವ್ ಬ್ಯಾಂಕ್ ಹೇಳ್ತು. ಉಳಿದ ದೊಡ್ಡಣ್ಣ ಐನೂರು. ರಿಸರ್ವ್ ಬ್ಯಾಂಕ್ ಲೆಕ್ಕದಲ್ಲಿ, 2024ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯದಲ್ಲಿ ಶೇ. 86.5 ಬರೀ ಐನೂರರ ನೋಟುಗಳದ್ದೇ. ಹಾಗಾದ್ರೆ ಜನರ ಕೈಗೆ ಇನ್ನೇನು ಸಿಗುತ್ತೆ? ಎಟಿಎಂಗೆ ಹೋಗಿ ಸಾವಿರ ಒತ್ತಿದ್ರೆ ಹೆಚ್ಚಾಗಿ ಎರಡೇ ನೋಟು. ಈ ತೊಂದರೆ ರಿಸರ್ವ್ ಬ್ಯಾಂಕಿಗೂ ಗೊತ್ತು. 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸ್ತು. ಸೆಪ್ಟೆಂಬರ್ 30ರ ಒಳಗೆ ಶೇ. 75ರಷ್ಟು ಎಟಿಎಂಗಳಲ್ಲಿ, 2026ರ ಮಾರ್ಚ್ 31ರ ಒಳಗೆ ಶೇ. 90ರಷ್ಟು ಎಟಿಎಂಗಳಲ್ಲಿ ಕನಿಷ್ಠ ಒಂದು ಕ್ಯಾಸೆಟ್‌ನಿಂದ ನೂರರ ಅಥವಾ ಇನ್ನೂರರ ನೋಟು ಬರಲೇಬೇಕು ಅಂತ.

2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಚಿಕ್ಕ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯ ಆಗಿ 'ನೋ ಯುಪಿಐ, ಓನ್ಲಿ ಕ್ಯಾಶ್' ಅನ್ನೋ ಬೋರ್ಡ್ ಬಂತು. ನಾವೆಲ್ಲ ಎಟಿಎಂಗೆ ಓಡಿದ್ವಿ, ಐನೂರು ತಂದ್ವಿ, ಅಂಗಡಿಯವರ ಮುಂದೆ ನಿಂತ್ವಿ. ನಮ್ಮ ಹತ್ತಿರಾನೂ ಚಿಲ್ಲರೆ ಇಲ್ಲ, ಅವರ ಹತ್ತಿರಾನೂ ಇಲ್ಲ. ಮುಖ ಮುಖ ನೋಡ್ಕೊಂಡ್ವಿ ಅಷ್ಟೇ.

ಹಾಗಾಗಿ ನನಗೀಗ ಅನ್ಸೋದು ಇಷ್ಟು. ಕೌಂಟರ್ ಮುಂದೆ ಆಗೋ ಮುಜುಗರ ನಿಮ್ಮ ತಪ್ಪಲ್ಲ, ಅಂಗಡಿಯವರ ಸೊಕ್ಕೂ ಅಲ್ಲ. ನೋಟು ಹಂಚೋ ಕಡೆ ಆಗಬೇಕಾದ ಕೆಲಸ ಆಗದೆ, ಅದರ ಭಾರ ಎಲ್ಲ ಬಂದು ಕೌಂಟರ್ ಮೇಲೆ ಬೀಳ್ತಾ ಇದೆ. ಆದರೆ ನಮಗೂ ಆ ಅಜ್ಜಿಗೂ ಒಂದು ವ್ಯತ್ಯಾಸ ಇದೆ. ನಮಗೆ ಮುಜುಗರ ಆದ್ರೆ ಇನ್ನೊಂದು ಆ್ಯಪ್ ಓಪನ್ ಮಾಡ್ತೀವಿ, ಫ್ರೆಂಡ್‌ಗೆ 'ನೀನು ಹಾಕೋ' ಅಂತೀವಿ. ಅವರು ಸೋಪು ವಾಪಸ್ ಇಟ್ಟು ಹೋಗ್ತಾರೆ.

ನಾನು ಈಗ ಮಾಡ್ತಿರೋದು ಹೇಳ್ತೀನಿ. ಉಪದೇಶ ಅಂದ್ಕೋಬೇಡಿ. ಒಂದು, ಐನೂರು ಮುರಿಸಬೇಕಿದ್ರೆ ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್, ಇಲ್ಲಾಂದ್ರೆ ಬ್ಯಾಂಕ್ ಕೌಂಟರ್. ಫೋನಲ್ಲಿ ದುಡ್ಡಿದ್ದೂ ಚಿಲ್ಲರೆ ಆಸೆಗೆ ಟೀ ಅಂಗಡಿಗೆ ಐನೂರು ಕೊಡೋದು ಬಿಟ್ಟಿದ್ದೀನಿ. ಎರಡು, ಎಟಿಎಂನಲ್ಲಿ ಸಾವಿರದ ಬದಲು ಒಂಬೈನೂರು ಒತ್ತಿ ನೋಡ್ತೀನಿ. ಮೆಷಿನ್‌ನಲ್ಲಿ ಚಿಕ್ಕ ನೋಟು ಇದ್ರೆ ನಾಲ್ಕು ನೂರು ಹಾಗೇ ಸಿಗುತ್ತೆ. ಮೂರು, ಟೀ ಕುಡಿಯೋ ಮೊದಲೇ 'ಅಣ್ಣ, ಐನೂರಿಗೆ ಚಿಲ್ಲರೆ ಆಗುತ್ತಾ?' ಅಂತ ಕೇಳ್ತೀನಿ. ಇಲ್ಲ ಅಂದ್ರೆ ಇಬ್ಬರಿಗೂ ಬೇಜಾರಿಲ್ಲ. ನಾಲ್ಕು, ನನ್ನ ಮುಂದೆ ವಯಸ್ಸಾದವರು ಯಾರಾದ್ರೂ ನೋಟು ಹಿಡ್ಕೊಂಡು ನಿಂತಿದ್ರೆ, ನನ್ನ ಹತ್ತಿರ ಚಿಲ್ಲರೆ ಇದೆಯಾ ಅಂತ ಮೊದಲು ಪರ್ಸ್ ನೋಡ್ತೀನಿ.

ಮೊದಲೆಲ್ಲ ಊರಿಗೆ ಹೊರಡೋ ಮುಂಚೆ ಫೋನ್ ಮಾಡಿ 'ಏನ್ ತರ್ಲಿ ಅಪ್ಪ?' ಅಂದ್ರೆ 'ಏನೂ ಬೇಡ, ನೀನು ಬಾ' ಅಂತಿದ್ರು. ಈಗ ಕೇಳ್ತಾರೆ, 'ಹತ್ತರ ನೋಟಿನ ಕಟ್ಟು ಒಂದು ಸಿಕ್ಕಿದ್ರೆ ತಗೊಂಬಾ' ಅಂತ. ಹೋದ ಸಲ ತಗೊಂಡು ಹೋಗಿದ್ದೆ. ಅಜ್ಜಿ ಸಿಗಲಿಲ್ಲ. ಎರಡು ವಾರ ಬಿಟ್ಟು ಅಪ್ಪನೇ ಫೋನ್ ಮಾಡಿ ಹೇಳಿದ್ರು, 'ಆಯಮ್ಮ ಬಂದಿದ್ರು. ಚಿಲ್ಲರೆ ಕೊಟ್ಟೆ. ಎಣಿಸ್ಕೊಂಡು ಹೋದ್ರು.'

ನಿಮಗೂ ಇಂಥದ್ದೊಂದು ಕೌಂಟರ್ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೇಳೋಣ. ಗಲ್ಲಾದ ಆ ಕಡೆ ಕೂತವರು ಕಳಿಸಿದ್ರೆ ಇನ್ನೂ ಖುಷಿ.