ಅಚ್ಚಿಗೆ ಹೋಗುವ ಮುನ್ನ

(ಶತಮಾನೋತ್ಸವ ಸ್ಮರಣ ಸಂಚಿಕೆಯ ಸಿದ್ಧತೆಗಾಗಿ ಶಾಲೆಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯೊಂದು ತನ್ನ ನೆನಪುಗಳನ್ನು ಗ್ರಂಥರೂಪದಲ್ಲಿ ತರಲು ಹೊರಟಾಗ, ಲೇಖನಗಳನ್ನು ಯಾರಿಂದ ಬರೆಯಿಸಬೇಕು, ಸಂದೇಶಗಳನ್ನು ಯಾರಿಂದ ತರಿಸಬೇಕು, ಜಾಹೀರಾತುಗಳನ್ನು ಹೇಗೆ ಕೂಡಿಸಬೇಕು ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯುತ್ತದೆ. ಬರಹವು ಪುಟವಾಗಿ, ಪುಟವು ಅಚ್ಚಿನ ಹಾಳೆಯಾಗಿ ಮಾರ್ಪಡುವ ನಡುವಣ ಕೆಲಸಕ್ಕೆ ಮಾತ್ರ ಕೊನೆಯ ಒಂದು ವಾರವಷ್ಟೇ ಉಳಿಯುತ್ತದೆ. ನನ್ನ ಜೀವನೋಪಾಯ ಆ ನಡುವಣ ಕೆಲಸವೇ ಆದುದರಿಂದ, ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಕೊಡಿಸಿದ್ದಾರೆ.

ಸೊಲ್ಲಾಪುರದ ಚಾದರವನ್ನು ಅರಿಯದವರು ಇಲ್ಲಿ ಯಾರೂ ಇಲ್ಲ. ಅದರ ಮೇಲಿನ ಹೂಬಳ್ಳಿಗಳು ಜಕಾರ್ಡ್ ಮಗ್ಗದಲ್ಲಿ ಮೂಡುತ್ತವೆ. ಯಾವ ನೂಲು ಮೇಲೇಳಬೇಕು, ಯಾವುದು ಕೆಳಗಿಳಿಯಬೇಕು ಎಂಬುದನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಮೊದಲೇ ಗೊತ್ತುಮಾಡಿರುತ್ತಾರೆ. ಒಂದು ತೂತು ತಪ್ಪಿದರೆ ಆ ತಪ್ಪು ಪ್ರತಿ ಚಾದರದಲ್ಲಿಯೂ ಅದೇ ಜಾಗದಲ್ಲಿ ಮರುಕಳಿಸುತ್ತದೆ. ಮಗ್ಗಕ್ಕೆ ಹೂವಿನ ಅಂದ ತಿಳಿಯದು. ಆಫ್‌ಸೆಟ್ ಮುದ್ರಣಯಂತ್ರದ ಸ್ಥಿತಿಯೂ ಅದೇ. ನಾವು ಕೊಟ್ಟ ಫೈಲಿನಿಂದ ಪ್ಲೇಟು ತಯಾರಾಗುತ್ತದೆ. ಪ್ಲೇಟಿನಲ್ಲಿ ಇರುವುದು ಸಾವಿರ ಪ್ರತಿಗಳಲ್ಲಿಯೂ ಬರುತ್ತದೆ. ಹೀಗಾಗಿ ತಿದ್ದುವ ಕಾಲ ಪ್ಲೇಟಿಗೆ ಮುಂಚಿನದು.

ಮೊದಲು ಅಳತೆಯ ಮಾತು. ಪುಸ್ತಕವನ್ನು ಹೊಲಿದೋ ಅಂಟಿಸಿಯೋ ಆದ ಮೇಲೆ ಮೂರು ಬದಿಗಳನ್ನು ಕತ್ತರಿಸುತ್ತಾರೆ. ಅಂಚಿನವರೆಗೆ ಹಬ್ಬಿದ ಬಣ್ಣ ಅಥವಾ ಚಿತ್ರವಿದ್ದರೆ ಅದನ್ನು ಪುಟದ ಗೆರೆಯಿಂದ 3 ಮಿಲಿಮೀಟರ್ ಹೊರಗೂ ಹರಿಯಬಿಡಬೇಕು. ಇಲ್ಲವಾದರೆ ಕತ್ತಿ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಿಳಿಯ ಗೆರೆ ಇಣುಕುತ್ತದೆ. ಅಕ್ಷರಗಳನ್ನಾದರೋ ಅಂಚಿನಿಂದ ದೂರ, ಒಳಗೇ ಇರಿಸಬೇಕು. ಬೆನ್ನಿಗೆ ಅಂಟು ಹಾಕಿದ ದಪ್ಪ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ಒಳಬದಿಯ ಅಂಚು ಹೊರಬದಿಗಿಂತ ಅಗಲವಾಗಿರಲಿ. ದೊಡ್ಡ ಹಾಳೆಯೊಂದನ್ನು ಮಡಿಚಿದಾಗ ಸಾಮಾನ್ಯವಾಗಿ 16 ಪುಟಗಳ ಒಂದು ಕಂತೆಯಾಗುತ್ತದೆ. ನಮ್ಮ ಬರಹ 203 ಪುಟಕ್ಕೆ ಮುಗಿದರೆ, 208ಕ್ಕೆ ಏರಿಸುವುದು ಲೇಸು. ಉಳಿದ ಐದು ಪುಟಗಳು ಹೇಗೂ ಕಾಗದದಲ್ಲಿ ಇದ್ದೇ ಇರುತ್ತವೆ.

ಎರಡನೆಯದು ಬಣ್ಣ. ಕಂಪ್ಯೂಟರಿನ ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ ತೋರಿಸುತ್ತದೆ. ಅಚ್ಚಿನಲ್ಲಿ ಬೆರೆಯುವುದು ಶಾಯಿ: ಸಯಾನ್, ಮಜೆಂಟಾ, ಹಳದಿ ಮತ್ತು ಕಪ್ಪು. ಪರದೆಯ ಮೇಲೆ ಹೊಳೆಯುವ ಗಿಳಿಹಸಿರು ಕಾಗದದ ಮೇಲೆ ಮಂಕಾಗುವುದು ಮುದ್ರಕನ ದೋಷವಲ್ಲ; ಆ ಹೊಳಪು ಶಾಯಿಯ ಶಕ್ತಿಗೆ ಮೀರಿದ್ದು. ಆದ್ದರಿಂದ ಮುಖಪುಟದ ವಿನ್ಯಾಸವನ್ನು ಸಿಎಂವೈಕೆ ಬಣ್ಣಕ್ಕೆ ಪರಿವರ್ತಿಸಿ ನೋಡಿದ ಮೇಲೆಯೇ ಒಪ್ಪಿಗೆ ಕೊಡಬೇಕು. ಒಳಪುಟದ ಅಕ್ಷರಗಳು ಕಪ್ಪು ಶಾಯಿ ಒಂದರಿಂದಲೇ ಮೂಡಬೇಕು. ನಾಲ್ಕು ಶಾಯಿಗಳಿಂದ ಕಪ್ಪು ಮಾಡಹೊರಟರೆ, ಒಂದು ಪ್ಲೇಟು ತುಸು ಜರುಗಿದರೂ ಅಕ್ಷರಗಳಿಗೆ ಬಣ್ಣದ ನೆರಳು ಅಂಟುತ್ತದೆ. ನಮ್ಮ ಲಿಪಿ ದುಂಡಗಿನದು. ಅದರ ಸುಳಿಗಳೂ ಒತ್ತುಗಳೂ ಸಣ್ಣವು. ಅವು ಮೊದಲು ಮುಚ್ಚಿಹೋಗುತ್ತವೆ.

ಮೂರನೆಯದು ಚಿತ್ರಗಳು. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಬಿಂದುಗಳು ಬೇಕು. 15 ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಸುಮಾರು 1772 ಪಿಕ್ಸೆಲ್ ಆಯಿತು. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿರಿ. 3 ಇಂಚು ಅಗಲದ ಹಳೆಯ ಭಾವಚಿತ್ರವನ್ನು 6 ಇಂಚಿಗೆ ಹಿಗ್ಗಿಸಬೇಕಾದರೆ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಬೇಕು. ಮಾಸಿದ ಮುಖಗಳನ್ನು ಮೊಬೈಲಿನ ಆ್ಯಪ್‌ಗಳಿಂದ ಸ್ಪಷ್ಟಗೊಳಿಸುವ ಆಸೆ ಬೇಡ. ಅವು ಇಲ್ಲದ ಕಣ್ಣು ಮೂಗುಗಳನ್ನು ತಾವೇ ಬಿಡಿಸಿಬಿಡುತ್ತವೆ. ತೀರಿಹೋದ ಗುರುಗಳ ಮುಖ ಮಸುಕಾಗಿದ್ದರೂ ಅವರದೇ ಆಗಿರಲಿ.

ಇಷ್ಟು ಮಾತು ಯಾವ ಭಾಷೆಯ ಪುಸ್ತಕಕ್ಕಾದರೂ ಸಲ್ಲುತ್ತದೆ. ಇನ್ನು ಹೇಳುವುದು ಗಡಿಯ ಈಚೆ ಇರುವ ನಮಗೆ ವಿಶೇಷವಾಗಿ ಸಂಬಂಧಿಸಿದ್ದು.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕನ್ನಡ ಪುಸ್ತಕ ಅಚ್ಚಿಗೆ ಹೋದರೆ ಪ್ಲೇಟು ಮಾಡುವವರ, ಯಂತ್ರ ನಡೆಸುವವರ, ಫಾರಂ ಮಡಿಚುವವರ ಕಣ್ಣುಗಳು ಅದನ್ನು ಓದುತ್ತಿರುತ್ತವೆ. ಶೀರ್ಷಿಕೆಯಲ್ಲಿ ಅಕ್ಷರ ಒಡೆದಿದ್ದರೆ ಯಾರಾದರೊಬ್ಬರು ಕೂಗಿ ನಿಲ್ಲಿಸಿಯಾರು. ಇಲ್ಲಿನ ಅಚ್ಚುಕೂಟಗಳಲ್ಲಿ ಕೆಲಸಗಾರರು ನುರಿತವರೇ. ಆದರೆ ಅವರಲ್ಲಿ ಹೆಚ್ಚಿನವರು ಓದುವುದು ಮರಾಠಿಯನ್ನು. ಅವರಿಗೆ ನಮ್ಮ ಅಕ್ಷರಗಳು ಚಿತ್ತಾರವಿದ್ದಂತೆ. ಒಡೆದ ಅಕ್ಷರವೂ ಒಂದು ಚಿತ್ತಾರವೇ. ಹಾಗಾಗಿ ಫೈಲು ನಮ್ಮ ಕೈಬಿಟ್ಟ ಕ್ಷಣದಿಂದ ಕನ್ನಡವನ್ನು ಕಾಯುವ ಕಣ್ಣು ಅಲ್ಲಿ ಇರುವುದಿಲ್ಲವೆಂದೇ ತಿಳಿದು ಕೆಲಸ ಮಾಡಬೇಕು.

ಅಕ್ಷರಗಳು ಒಡೆಯುವುದೇಕೆ? ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಅರ್ಥವಿಲ್ಲದ ರೋಮನ್ ಲಿಪಿ ಕಾಣುತ್ತದೆ. ಅದು ಎದ್ದುಕಾಣುವ ದೋಷವಾದ್ದರಿಂದ ಅಪಾಯ ಕಡಿಮೆ. ಯೂನಿಕೋಡ್ ಬರಹದ ದೋಷ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತುಗಳನ್ನು ಕೂಡಿಸಿ ಆಕೃತಿ ಕೊಡುವ ಹೊಣೆ ತಂತ್ರಾಂಶದ್ದು. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ವ್ಯವಸ್ಥೆಯನ್ನು ಆಯ್ದುಕೊಳ್ಳದಿದ್ದರೆ ‘ಶಾಸ್ತ್ರ’ ಹೋಗಿ ‘ಶಾಸ್‌ತ್‌ರ’ ಬರುತ್ತದೆ. ಇದಕ್ಕೆ ವಿರುದ್ಧವಾದುದೂ ಉಂಟು. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ಬೆಸೆಯದಂತೆ ಕಣ್ಣಿಗೆ ಕಾಣದ ಸಂಕೇತವೊಂದು ತಡೆದಿರುತ್ತದೆ. ನಕಲು ಮಾಡಿ ಅಂಟಿಸುವಾಗ ಅದು ಕಳಚಿದರೆ ‘ರಾಜ್ಕುಮಾರ್’ ಆಗುತ್ತದೆ. ಎರಡೂ ಕಡೆ ಕನ್ನಡ ಬಲ್ಲವನ ಕಣ್ಣೊಂದೇ ಪರಿಹಾರ.

ಹೆಸರುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಒಬ್ಬನೇ ಮನುಷ್ಯನ ಹೆಸರು ಮರಾಠಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ದಾಖಲಾಗಿರುತ್ತದೆ. ಮರಾಠಿಯ ಬರವಣಿಗೆಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘ ಭೇದವಿಲ್ಲ. ಮರಾಠಿ ಪಟ್ಟಿಯನ್ನು ಯಂತ್ರದಿಂದ ಕನ್ನಡ ಲಿಪಿಗೆ ತಿರುಗಿಸಿದರೆ ಕೆಂಚಪ್ಪ ‘ಕೇಂಚಪ್ಪ’ನಾಗುತ್ತಾನೆ, ಹೊನ್ನಮ್ಮ ‘ಹೋನ್ನಮ್ಮ’ಳಾಗುತ್ತಾಳೆ. ಎಷ್ಟೋ ಹಿರಿಯರ ಹೆಸರು ಕನ್ನಡದಲ್ಲಿ ಅಚ್ಚಾಗುವುದು ಈ ಸಂಚಿಕೆಯಲ್ಲಿ ಮಾತ್ರ. ಅದೂ ತಪ್ಪಾದರೆ ಸರಿಯಾದ ರೂಪಕ್ಕೆ ಬೇರೆ ಆಧಾರವೇ ಉಳಿಯದು. ವಿದ್ಯಾರ್ಥಿಗಳ ಪಟ್ಟಿಯನ್ನು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಮೂಲದೊಡನೆ ತಾಳೆ ನೋಡಬೇಕು. ಊರೂರಿನ ಹೆಸರುಗಳನ್ನು ಆಯಾ ಊರಿನವರೇ ನೋಡುವುದು ಇನ್ನೂ ಕ್ಷೇಮ.

ಕನ್ನಡನಾಡಿನಿಂದ ದೂರದಲ್ಲಿ ಕನ್ನಡವನ್ನು ಅಚ್ಚು ಹಾಕುವುದು ಹೊಸ ಸಂಗತಿಯೇನಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಶ್ರೀರಾಮಪುರದಲ್ಲಿ. ಸುತ್ತ ಕನ್ನಡ ಓದುವವರಿಲ್ಲದ ಊರಿನಲ್ಲಿ ಒತ್ತಕ್ಷರದ ಒಂದೊಂದು ಮೊಳೆಯನ್ನೂ ಸಿದ್ಧಪಡಿಸಬೇಕಾಗಿದ್ದ ಆ ಕಾಲಕ್ಕೆ ಹೋಲಿಸಿದರೆ ನಮ್ಮ ಕಷ್ಟ ಹಗುರವಾದುದು. ನಮಗೆ ಬೇಕಾದದ್ದು ಎಚ್ಚರ ಮತ್ತು ಸಮಯ.

ಆದುದರಿಂದ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟು. ಎಲ್ಲ ಬರಹವನ್ನೂ ಒಂದೇ ಯೂನಿಕೋಡ್ ಫಾಂಟಿಗೆ ತಂದು, ಪರಿವರ್ತನೆಯಾದ ಮೇಲೆ ಮತ್ತೊಮ್ಮೆ ಓದಿರಿ. ಕೆಳಗಿಳಿಯುವ ಒತ್ತುಗಳು ಮುಂದಿನ ಸಾಲಿನ ಗುಡಿಸುಗಳಿಗೆ ತಾಗದಂತೆ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿಸಿರಿ. ಅಚ್ಚುಕೂಟಕ್ಕೆ ವರ್ಡ್ ಫೈಲು ಕೊಡದೆ, ಫಾಂಟುಗಳನ್ನು ಒಳಗೊಂಡ ಪಿಡಿಎಫ್ ಕೊಡಿರಿ. ಮುಖಪುಟದ ಅಕ್ಷರಗಳನ್ನು ರೇಖಾಕೃತಿಗಳಾಗಿ ಪರಿವರ್ತಿಸಿ ಕೊಡಿರಿ; ತಿದ್ದಲು ಬರುವ ಮೂಲಪ್ರತಿ ಶಾಲೆಯಲ್ಲಿಯೇ ಇರಲಿ. ಕೊನೆಯ ಕರಡನ್ನು ಅಚ್ಚುಕೂಟದವರಿಂದಲೇ ಕಾಗದದ ಮೇಲೆ ತೆಗೆಸಿ ಓದಿರಿ. ಮನೆಯ ಪರದೆಯಲ್ಲಿ ಸರಿಯಾಗಿದ್ದದ್ದು ಅಲ್ಲಿಯೂ ಸರಿಯಾಗಿದೆಯೆಂಬ ಖಾತರಿಯಿಲ್ಲ. ಮೊದಲ ಹಾಳೆ ಯಂತ್ರದಿಂದ ಹೊರಬರುವಾಗ ಕನ್ನಡ ಬಲ್ಲವರೊಬ್ಬರು ಅಲ್ಲಿ ನಿಂತಿರಲಿ. ಆ ಒಂದು ದಿನ ಬಿಡುವು ಮಾಡಿಕೊಳ್ಳಬಲ್ಲ ಹಳೆಯ ವಿದ್ಯಾರ್ಥಿಗಳು ಇಂದೇ ತಮ್ಮ ಹೆಸರು ಬರೆಯಿಸಿರಿ. ಈ ಶಾಲೆ ನಮಗೆ ಒತ್ತಕ್ಷರ ತಿದ್ದಿಸಿದೆ. ಅವುಗಳನ್ನು ಸರಿಯಾಗಿ ಅಚ್ಚಿಗೆ ಕಳಿಸುವ ಸರದಿ ಈಗ ನಮ್ಮದು.