ಅಸ್ಥಿಮಜ್ಜೆಯ ಕಸಿ: ಇಲಿಗಳು ಕಲಿಸಿದ ಪಾಠ



ಒಬ್ಬರ ಅಂಗವನ್ನು ಇನ್ನೊಬ್ಬರಿಗೆ ಕಸಿ ಮಾಡಿದರೆ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸುತ್ತದೆ ಎಂದು ನೀವು ಓದಿದ್ದೀರಿ. ಆದರೆ ಕಸಿಯೇ ದೇಹವನ್ನು ತಿರಸ್ಕರಿಸಿದರೆ?

ಮೂಳೆಯೊಳಗಿನ ಮೆದುವಾದ ಮಜ್ಜೆ ರಕ್ತಕಣಗಳ ತವರು. ಮಾರಕ ಪ್ರಮಾಣದ ಎಕ್ಸ್-ಕಿರಣಕ್ಕೆ ಸಿಕ್ಕ ಇಲಿಗಳೂ ಮಜ್ಜೆಯ ಚುಚ್ಚುಮದ್ದಿನಿಂದ ಬದುಕುತ್ತವೆಂದು 1951ರಲ್ಲಿ ಅಮೆರಿಕದ ಲೊರೆನ್ಜ್ ಮತ್ತು ಸಂಗಡಿಗರು ತೋರಿಸಿದರು. ಮುಂದೆ 1956-57ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬಾರ್ನ್ಸ್ ಮತ್ತು ಲೌಟಿಟ್ ರಕ್ತ ಕ್ಯಾನ್ಸರ್ ಇದ್ದ ಇಲಿಗಳಿಗೆ ವಿಕಿರಣ ಕೊಟ್ಟು ಮಜ್ಜೆ ಹಾಕಿದರು. ಪ್ರಯೋಗಾಲಯದ ಒಂದು ತಳಿಯ ಇಲಿಗಳೆಲ್ಲ ಅವಳಿಗಳಿದ್ದಂತೆ. ಸ್ವಂತ ತಳಿಯ ಮಜ್ಜೆ ಪಡೆದವುಗಳಲ್ಲಿ ಕ್ಯಾನ್ಸರ್ ಮರಳಿ ಬಂತು. ಬೇರೆ ತಳಿಯ ಮಜ್ಜೆ ಪಡೆದವುಗಳಲ್ಲಿ ಕ್ಯಾನ್ಸರ್ ಅಡಗಿತು. ಆದರೆ ಆ ಇಲಿಗಳು ಬೆನ್ನು ಗೂನಾಗಿ, ರೋಮ ಕೆದರಿ, ಭೇದಿಯಾಗಿ ಸೊರಗಿ ಸತ್ತವು. (ಇಂಥ ಇಲಿಯ ಚಿತ್ರವೊಂದು ನನಗೆ ಸಿಕ್ಕಿತ್ತು. ಪರದೆಯ ಮೇಲೆ ತರಲು ಮನಸ್ಸಾಗಲಿಲ್ಲ.) ಇದೇ ಗ್ರಾಫ್ಟ್ ವರ್ಸಸ್ ಹೋಸ್ಟ್ ರೋಗ.

ಅಪರಾಧಿ ಯಾರು? ದಾನಿಯ ಮಜ್ಜೆಯೊಡನೆ ಬಂದ ಬಲಿತ ಟಿ-ಕೋಶಗಳು. ಅವನ್ನು ತೆಗೆದು ಮಜ್ಜೆ ಹಾಕಿದರೆ ಇಲಿಗಳು ಉಳಿಯುತ್ತವೆಂದು 1978ರಲ್ಲಿ ಕೊರ್ನ್‌ಗೋಲ್ಡ್ ಮತ್ತು ಸ್ಪ್ರೆಂಟ್ ತೋರಿಸಿದರು. ಸಮಸ್ಯೆ ಮುಗಿಯಿತೆನ್ನುವಿರಾ? ಮನುಷ್ಯರಲ್ಲಿ ಹೀಗೆ ಮಾಡಿದಾಗ ಕೆಲವರಲ್ಲಿ ಕಸಿ ಹಿಡಿಯಲಿಲ್ಲ, ಹಲವರಲ್ಲಿ ಕ್ಯಾನ್ಸರ್ ಮರುಕಳಿಸಿತು. ಹಾರ್ವೆಲ್ಲಿನ ಇಲಿಗಳನ್ನು ನೆನೆಯಿರಿ: ದೇಹವನ್ನು ಕೊಲ್ಲುವ ಕೋಶಗಳೇ ಕ್ಯಾನ್ಸರನ್ನೂ ಕೊಲ್ಲುತ್ತಿದ್ದವು!

ಉಪಾಯ ಸಿಕ್ಕಿದ್ದು ವೇಳೆಯಲ್ಲಿ. ಹೊಸ ದೇಹವನ್ನು ವೈರಿಯೆಂದು ಗುರುತಿಸಿದ ಟಿ-ಕೋಶಗಳು ಮೊದಲ ದಿನಗಳಲ್ಲೇ ಭರದಿಂದ ವಿಭಜಿಸುತ್ತವೆ, ಉಳಿದವು ಸುಮ್ಮನಿರುತ್ತವೆ. ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ ಔಷಧ ವಿಭಜಿಸುವ ಕೋಶಗಳಿಗೇ ಹೆಚ್ಚು ಪೆಟ್ಟು ಕೊಡುತ್ತದೆ. ರಕ್ತ ಹುಟ್ಟಿಸುವ ಮೂಲಕೋಶಗಳಲ್ಲಿ ಅದನ್ನು ನಿರ್ವಿಷಗೊಳಿಸುವ ಕಿಣ್ವ ಧಾರಾಳವಾಗಿರುವುದರಿಂದ ಅವು ಪಾರಾಗುತ್ತವೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಲುಜ್ನಿಕ್, ಫುಕ್ಸ್ ಮೊದಲಾದವರು ಕಸಿಯ ನಂತರ ಈ ಔಷಧ ಕೊಡುವ ಕ್ರಮವನ್ನು ಇಲಿಗಳಲ್ಲಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಮನುಷ್ಯರಿಗೆ ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ದಿನ ಕೊಡುತ್ತಾರೆ.

ವೈರಿ ಕೋಶಗಳೆಲ್ಲ ಸಾಯುವುದಿಲ್ಲ, ಕೆಲವು ಶಕ್ತಿಗುಂದಿ ಉಳಿಯುತ್ತವೆ, ಅವನ್ನು ಹತೋಟಿಯಲ್ಲಿಡುವ ಬೇರೊಂದು ಬಗೆಯ ಟಿ-ಕೋಶಗಳು ಚೇತರಿಸಿಕೊಳ್ಳುತ್ತವೆ ಎಂದು ಈಚಿನ ಪ್ರಯೋಗಗಳು ಹೇಳುತ್ತವೆ. ಇದನ್ನು ಹೇಳಿದ್ದೂ ಇಲಿಗಳೇ.

ಒಡಹುಟ್ಟಿದವರೊಬ್ಬರ ಮಜ್ಜೆ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಒಂಟಿ ಮಗುವಿಗೆ ಆ ಭಾಗ್ಯವೂ ಇಲ್ಲ. ಅರ್ಧ ಮಾತ್ರ ಹೊಂದುವ ತಾಯಿಯೋ ತಂದೆಯೋ ಇಂದು ಮಜ್ಜೆ ಕೊಡಬಲ್ಲರು.