ಪೊಟ್ಟಣದ ಸಸ್ಯಾಹಾರ



ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿದ ತಂದೆತಾಯಿಗಳು ಈಚೆಗೆ ನಮ್ಮನ್ನು ಕೇಳುವುದುಂಟು: ‘ಬುದ್ಧಿ, ಅಲ್ಲಿ ಮಾಂಸದಂತೆಯೇ ಇರುವ ಸಸ್ಯಾಹಾರ ಸಿಗುತ್ತದಂತೆ. ಅದನ್ನು ಲಿಂಗಕ್ಕೆ ಅರ್ಪಿಸಿ ಉಣ್ಣಬಹುದೆ?’ ಪ್ರಶ್ನೆ ಸಣ್ಣದಲ್ಲ.

ಆ ದೇಶದಲ್ಲಿ 1985ರಿಂದ ಕ್ವಾರ್ನ್ ಎಂಬುದೊಂದು ಮಾರಾಟವಾಗುತ್ತಿದೆ. ಮಣ್ಣಿನಲ್ಲಿರುವ ಒಂದು ಬಗೆಯ ಬೂಷ್ಟನ್ನು ಸಕ್ಕರೆಯ ಪಾಕ ಉಣಿಸಿ ದೊಡ್ಡ ಹಂಡೆಗಳಲ್ಲಿ ಬೆಳೆಸುತ್ತಾರೆ. ಅದರ ಎಳೆಗಳು ಮಾಂಸದ ನಾರಿನಂತಿರುತ್ತವೆ. ಬೂಷ್ಟೆಂದು ಮೂಗು ಮುರಿಯಬೇಡಿರಿ; ನಮ್ಮ ಇಡ್ಲಿಯ ಹಿಟ್ಟು ಹುದುಗುವುದೂ ಕಣ್ಣಿಗೆ ಕಾಣದ ಜೀವಾಣುಗಳಿಂದಲೇ. ಯಂತ್ರದಲ್ಲಿ ಆಯಿತೆಂಬುದೂ ದೋಷವಲ್ಲ. ಗಿರಣಿಯ ಹಿಟ್ಟು ಉಣ್ಣದವರು ನಮ್ಮಲ್ಲಿ ಯಾರಿದ್ದಾರೆ? ಮಾಂಸ ಬಿಡಲು ಹೆಣಗುವವನಿಗೆ ಇದೊಂದು ಊರುಗೋಲು. ಅವನನ್ನು ನಾವು ಹಳಿಯೆವು. ಹುಟ್ಟಿನಿಂದ ಮುಟ್ಟದವನಿಗೆ ಆ ರುಚಿಯ ಆಸೆಯೇಕೋ, ಅದನ್ನು ಅವನೇ ಕೇಳಿಕೊಳ್ಳಲಿ.

ತೊಡಕಿರುವುದು ಬೇರೆ ಕಡೆ. ಆ ಎಳೆಗಳು ಹಿಡಿದು ನಿಲ್ಲಲೆಂದು ಅನೇಕ ಬಗೆಗಳಲ್ಲಿ ಕೋಳಿಮೊಟ್ಟೆಯ ಬಿಳಿಯನ್ನು ಕಲಸುತ್ತಾರೆ. ಮೊಟ್ಟೆಯಿದ್ದರೂ ಅಲ್ಲಿ ‘ವೆಜಿಟೇರಿಯನ್’ ಎಂದೇ ಬರೆಯುತ್ತಾರೆ. ಅದು ಮೋಸವಲ್ಲ, ಅವರ ಮಾತಿನ ಅರ್ಥವೇ ಹಾಗೆ. ನಮ್ಮಲ್ಲಿ ಮೊಟ್ಟೆ ಸೇರಿದ್ದಕ್ಕೆ ಹಸಿರು ಚುಕ್ಕೆ ಹಾಕುವಂತಿಲ್ಲ. ಆ ಚುಕ್ಕೆಯನ್ನು ನಂಬಿ ಬೆಳೆದ ಮಕ್ಕಳು ಅಲ್ಲಿ ಎಡವುತ್ತಾರೆ, ಅರಿಯದೆ ಅರ್ಪಿಸುತ್ತಾರೆ. ಕೊಳ್ಳಲೇಬೇಕಾದರೆ ‘ವೀಗನ್’ ಎಂದು ಬರೆದುದನ್ನು ಕೊಳ್ಳಲಿ. ಅದರಲ್ಲಿ ಮೊಟ್ಟೆಯ ಬದಲು ಆಲೂಗಡ್ಡೆಯ ಸತ್ವವಿರುತ್ತದೆ.